ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ: ಬೆಳವಣಿಗೆಗೂ ಇಂಥದೊಂದು ಲೆಕ್ಕ ಬೇಡವೇ?

ಬೆಟ್ಟದ ಬುಡ, ಶಿರಸಿ

ಶರಾವತಿ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲೆತ್ತಿ ಬಿಟ್ಟು ವಿದ್ಯುತ್ ತೆಗೆಯುವ ಯೋಜನೆ), ಕೇಣಿ ಬಂದರು, ಕಾಸರಕೋಡು ಬಂದರು, ಬೇಡ್ತಿ–ವರದಾ ನದಿ ಜೋಡಣೆ, ಹುಬ್ಬಳ್ಳಿ–ಅಂಕೋಲಾ ರೈಲು, ಕೈಗಾ ಅಣುಸ್ಥಾವರದ ಐದು ಮತ್ತು ಆರನೇ ಘಟಕ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಾವ ಚಹಾ ಅಂಗಡಿಯಲ್ಲಿ ಕುಳಿತರೂ ಇವುಗಳಲ್ಲಿ ಒಂದರ ಮಾತು ಬಂದೇ ಬರುತ್ತದೆ. ಒಂದೊಂದಕ್ಕೂ ಪರ–ವಿರೋಧದ ವಾದವಿದೆ, ಹೋರಾಟ ಸಮಿತಿಯಿದೆ. ಆದರೆ ಎಲ್ಲದರ ಬುಡದಲ್ಲಿರುವ ಪ್ರಶ್ನೆಯನ್ನು ಕೇಳುವವರು ಕಡಿಮೆ ಎಂಬ ಸಂಕಟದಿಂದ ಇದನ್ನು ಬರೆಯುತ್ತಿದ್ದೇನೆ. ಇನ್ನಷ್ಟು ವಿದ್ಯುತ್, ಇನ್ನಷ್ಟು ಹಡಗು, ಇನ್ನಷ್ಟು ನೀರು ಎನ್ನುವ ಈ ಬೇಡಿಕೆ ಎಲ್ಲಿಗೆ ಹೋಗಿ ನಿಲ್ಲುತ್ತದೆ? ಇಂಥ ಕಡೆ ನಿಲ್ಲಬೇಕು ಎಂದು ಯಾವ ಯೋಜನಾ ವರದಿಯಲ್ಲಾದರೂ ಬರೆದಿದೆಯೇ?

ತೋಟಿಗರ ಲೆಕ್ಕದಲ್ಲಿ ಅದು ಬರೆದಿತ್ತು. ಘಟ್ಟದ ಮೇಲಿನ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟದ (ಗೊಬ್ಬರದ ಸೊಪ್ಪಿಗೆಂದು ಬಿಟ್ಟ ಕಾಡಿನ) ಸವಲತ್ತು ಇರುವುದು ನಿಮಗೆಲ್ಲ ಗೊತ್ತು: ಒಂದು ಎಕರೆ ಭಾಗಾಯ್ತಕ್ಕೆ, ಅಂದರೆ ತೋಟದ ಜಮೀನಿಗೆ, ಒಂಬತ್ತು ಎಕರೆವರೆಗೆ ಬೆಟ್ಟ. ಬ್ರಿಟಿಷರ ಕಾಲದಲ್ಲಿ ಕಾಗದಕ್ಕೆ ಇಳಿದ ಲೆಕ್ಕವಾದರೂ ಅದರ ಒಳಗಿರುವುದು ಇಲ್ಲಿಯವರ ಅನುಭವ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು (ಒಣ ಎಲೆ) ಕೊಟ್ಟಿಗೆಗೆ ಬರುತ್ತದೆ; ದನದ ಕಾಲಡಿ ತುಳಿಸಿಕೊಂಡು ಗೊಬ್ಬರ ಗುಂಡಿಗೆ ಹೋಗುತ್ತದೆ; ಅಲ್ಲಿ ಕಳಿತು ಬುಟ್ಟಿಯಲ್ಲಿ ಅಡಿಕೆ ಮರದ ಬುಡ ಸೇರುತ್ತದೆ. ಸೊಪ್ಪು ಕಡಿಯಲು ಮರ ಹತ್ತಿದವನು ತುದಿಯನ್ನು ಮುಟ್ಟುವುದಿಲ್ಲ, ಪಕ್ಕದ ಟೊಂಗೆಗಳನ್ನಷ್ಟೇ ಸವರಿ ಮತ್ತೆ ಚಿಗುರಲು ಬಿಡುತ್ತಾನೆ. ಒಂದು ಎಕರೆ ಫಸಲಿನ ಬೆನ್ನಿಗೆ ಎಷ್ಟು ಕಾಡು ನಿಂತಿದೆ ಎಂಬುದು ಹೊರೆ ಹೊತ್ತವರಿಗೆಲ್ಲ ಕಣ್ಣಿಗೆ ಕಾಣುತ್ತಿತ್ತು, ಹೆಗಲಿಗೆ ತಾಗುತ್ತಿತ್ತು. ಕೆನಡಾದಲ್ಲಿ ವಿಲಿಯಂ ರೀಸ್ ಮತ್ತು ಮ್ಯಾಥಿಸ್ ವಾಕರ್‌ನಾಗೆಲ್ 1990ರ ದಶಕದಲ್ಲಿ ‘ಪರಿಸರ ಹೆಜ್ಜೆಗುರುತು’ ಎಂಬ ಅಳತೆಯನ್ನು ರೂಪಿಸಿದಾಗ ಕೇಳಿದ್ದೂ ಇದೇ ಪ್ರಶ್ನೆಯನ್ನು: ಒಂದು ಊರು ಬದುಕುವ ರೀತಿಯಲ್ಲಿ ಬದುಕಲು ಆ ಊರಿನ ಹೊರಗೆ ಎಷ್ಟು ನೆಲ ದುಡಿಯಬೇಕು?

ಈಗ ತೋಟ ಬೆಟ್ಟವನ್ನು ಕೇಳದೆ ಬೆಳೆಯುತ್ತಿದೆ. ಗೊಬ್ಬರ ಚೀಲದಲ್ಲಿ ಬರುತ್ತದೆ, ಕೋಳಿ ಗೊಬ್ಬರ ಲಾರಿಯಲ್ಲಿ ಘಟ್ಟ ಹತ್ತುತ್ತದೆ. ಅಡಿಕೆಗೆ ಧಾರಣೆ ಬಂದಿತೆಂದು ಬಯಲುಸೀಮೆಯಲ್ಲಿ ಕೊಳವೆಬಾವಿಯ ಮೇಲೆ ತೋಟ ಎಬ್ಬಿಸಿದವರ ಸಂಖ್ಯೆ ನಮ್ಮನ್ನು ಮೀರಿಸಿದೆ. ಒಂಬತ್ತು ಎಕರೆ ಈಗಲೂ ಬೇಕು. ಅದು ಯಾರದೋ ಅಂತರ್ಜಲವಾಗಿ, ಯಾವುದೋ ದೇಶದ ಫಾಸ್ಫೇಟ್ ಗಣಿಯಾಗಿ ನಮ್ಮ ಕಣ್ಣಿನಿಂದ ದೂರ ಹೋಗಿದೆ, ಅಷ್ಟೇ. ಇಡೀ ಜಗತ್ತಿನ ಅರ್ಥವ್ಯವಸ್ಥೆ ಮಾಡುತ್ತಿರುವುದೂ ಇದನ್ನೇ ಎಂದು ನನಗೆ ಅನಿಸುತ್ತದೆ. ನಿಮ್ಮೆಲ್ಲರ ಅಭಿಪ್ರಾಯ ಬೇಕು. ಒಪ್ಪದವರು ಖಂಡಿತ ಬರೆಯಿರಿ.


ಅರ್ಥಶಾಸ್ತ್ರದ ಮೇಷ್ಟ್ರು, ಕುಮಟಾ

ಲೆಕ್ಕದ ಕಡೆಯಿಂದ ಒಂದು ಮಾತು. ವರ್ಷಕ್ಕೆ ಶೇಕಡಾ 7ರಷ್ಟು ಬೆಳವಣಿಗೆ ಎಂದರೆ ಹತ್ತು ವರ್ಷಕ್ಕೆ ದುಪ್ಪಟ್ಟು. ಕೇಳಲು ಹಿತವಾಗಿರುತ್ತದೆ. ಅದೇ ವೇಗ ನೂರು ವರ್ಷ ನಡೆದರೆ ಎಂಟುನೂರು ಪಟ್ಟಿಗೂ ಹೆಚ್ಚು. ಶೇಕಡಾ 3 ಎಂಬ ಸಾಧಾರಣ ವೇಗವೂ ನೂರು ವರ್ಷದಲ್ಲಿ ಹತ್ತೊಂಬತ್ತು ಪಟ್ಟಾಗುತ್ತದೆ. ತರಗತಿಯಲ್ಲಿ ಇದನ್ನು ಕಪ್ಪು ಹಲಗೆಯ ಮೇಲೆ ಬರೆದಾಗ ಮಕ್ಕಳು ತಾವಾಗಿಯೇ ಕೇಳುತ್ತಾರೆ, ಅಷ್ಟಕ್ಕೆಲ್ಲ ಮಣ್ಣು, ಕಲ್ಲು, ನೀರು ಎಲ್ಲಿಂದ ತರುವುದು ಎಂದು. 1972ರಲ್ಲಿ ಅಮೆರಿಕದ ಎಂಐಟಿಯಲ್ಲಿ ಡೊನೆಲ್ಲಾ ಮೆಡೋಸ್, ಡೆನ್ನಿಸ್ ಮೆಡೋಸ್ ಮತ್ತು ಸಂಗಡಿಗರು ಕಂಪ್ಯೂಟರ್ ಮಾದರಿ ಇಟ್ಟುಕೊಂಡು ಕೇಳಿದ್ದು ಹೆಚ್ಚುಕಡಿಮೆ ಇದನ್ನೇ. ಆಗ ಅದನ್ನು ಅಂಜುಬುರುಕರ ಮಾತೆಂದು ತಳ್ಳಿಹಾಕಿದ ಅರ್ಥಶಾಸ್ತ್ರಜ್ಞರು ಬಹಳ.

ನೆಲದಿಂದ ಎಷ್ಟು ಎತ್ತುತ್ತಿದ್ದೇವೆ ನೋಡಿ. 1970ರಲ್ಲಿ ಜಗತ್ತು ಒಂದು ವರ್ಷಕ್ಕೆ ಬಳಸುತ್ತಿದ್ದ ಅದಿರು, ಮರಳು, ಕಲ್ಲಿದ್ದಲು, ತೈಲ, ಮರ, ಬೆಳೆ ಎಲ್ಲ ಸೇರಿ ಸುಮಾರು 3,000 ಕೋಟಿ ಟನ್. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಂತೆ ಈಗ ಅದು 10,000 ಕೋಟಿ ಟನ್ ದಾಟಿದೆ. ಈ ಅವಧಿಯಲ್ಲಿ ಜನಸಂಖ್ಯೆ ಸುಮಾರು ಎರಡು ಪಟ್ಟಾಯಿತು, ಬಳಕೆ ಮೂರು ಪಟ್ಟು ಮೀರಿತು. ಹಾಗಾಗಿ ಎಲ್ಲವನ್ನೂ ಜನಸಂಖ್ಯೆಯ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವಂತಿಲ್ಲ.


ಕಾಳಿ ಕಣಿವೆ, ಜೊಯಿಡಾ

ನಿಮ್ಮಿಬ್ಬರ ಬರಹವನ್ನೂ ಗಮನವಿಟ್ಟು ಓದಿದೆ. ನನಗೆ ಸಿಟ್ಟು ಬಂತು. ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ತಾಲೂಕಿಗೆ ಮೊದಲಿದ್ದ ಹೆಸರು ಸೂಪಾ. ಆ ಊರೇ ಈಗ ಇಲ್ಲ. 101 ಮೀಟರ್ ಎತ್ತರದ ಅಣೆಕಟ್ಟು ಬಂದು ಪೇಟೆ, ಗದ್ದೆ, ದೇವಸ್ಥಾನ ಎಲ್ಲ ನೀರಿನಡಿ ಹೋದವು. ಮುಳುಗಡೆಯವರು ರಾಮನಗರಕ್ಕೆ ಬಂದರು. ಕಾಳಿ ಉಗಮದಿಂದ ಕಡಲಿನವರೆಗೆ ಹರಿಯುವುದು 184 ಕಿಲೋಮೀಟರ್. ಆ ಕಣಿವೆಯಲ್ಲಿ ಸೂಪಾ, ತಟ್ಟಿಹಳ್ಳ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲು ಅಣೆಕಟ್ಟುಗಳು. ಆ ವಿದ್ಯುತ್ತಿನಿಂದ ಬೆಂಗಳೂರು ಬೆಳಗಿತು. ಅಣೆಕಟ್ಟಿನ ನೆರಳಿನಲ್ಲಿದ್ದ ನಮ್ಮ ಹಳ್ಳಿಗಳು ಎಷ್ಟೋ ಕಾಲ ಚಿಮಣಿ ಬುಡ್ಡಿಯಲ್ಲೇ ಇದ್ದವು. ಇವತ್ತಿಗೂ ಮಳೆಗಾಲದಲ್ಲಿ ಹಳ್ಳ ತುಂಬಿದರೆ ಗರ್ಭಿಣಿಯನ್ನು ಕಂಬಳಿಯಲ್ಲಿ ಹೊತ್ತು ದಾಟಿಸುವ ಊರುಗಳು ಇಲ್ಲಿವೆ. ಕಾರವಾರಕ್ಕೆ ವೈದ್ಯಕೀಯ ಕಾಲೇಜು ಬಂದರೂ ಹೃದಯಕ್ಕೋ ಮೆದುಳಿಗೋ ಪೆಟ್ಟಾದರೆ ಜಿಲ್ಲೆಯವರು ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡಬೇಕು. ದಾರಿಯಲ್ಲೇ ಹೋದವರ ಮನೆಗಳು ನನಗೆ ಗೊತ್ತು.

ಹೀಗಿರುವಾಗ ‘ಇನ್ನು ಸಾಕು, ಭೂಮಿ ತಡೆದುಕೊಳ್ಳುವುದಿಲ್ಲ’ ಎಂದು ನಮಗೆ ಹೇಳುವುದು ನ್ಯಾಯವೇ? ಬೆಳವಣಿಗೆ ನಿಲ್ಲಿಸಬೇಕೆಂದರೆ ಮೊದಲು ಅದು ನಮ್ಮ ಊರಿಗೆ ಬರಬೇಕಲ್ಲ. ತೋಟ, ಮನೆ, ಕಾರು ಎಲ್ಲ ಇದ್ದವರಿಗೆ ಮಿತಿಯ ಮಾತು ಸುಲಭ.


ಬೆಟ್ಟದ ಬುಡ, ಶಿರಸಿ

ಜೊಯಿಡಾದವರ ಸಿಟ್ಟು ನ್ಯಾಯದ್ದು. ಅದನ್ನು ಬದಿಗಿಟ್ಟು ಮಿತಿಯ ಮಾತನ್ನು ಆಡಲಾಗದು. ನೀವು ಕೊಟ್ಟ ಉದಾಹರಣೆಯನ್ನೇ ಹಿಡಿದು ಮುಂದಕ್ಕೆ ಹೋಗೋಣ. ಕಾಳಿಯಲ್ಲಿ ಅಷ್ಟು ವಿದ್ಯುತ್ ಹುಟ್ಟಿತು, ನಾಡಿನ ಉತ್ಪನ್ನ ಏರಿತು, ಆದರೆ ನಿಮ್ಮ ಹಳ್ಳಕ್ಕೆ ಕಾಲುಸಂಕ ಬರಲಿಲ್ಲ. ಬೆಳವಣಿಗೆ ತಾನಾಗಿ ನಿಮ್ಮ ಮನೆಯವರೆಗೆ ಹರಿದು ಬರುತ್ತದೆ ಎಂಬ ಮಾತನ್ನು ಸುಳ್ಳು ಮಾಡಿದ್ದೇ ನಿಮ್ಮ ತಾಲೂಕು.

ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಭಾರತೀಯನೊಬ್ಬನ ಪಾಲು ವರ್ಷಕ್ಕೆ ಸುಮಾರು 2 ಟನ್, ಅಮೆರಿಕದವನದು ಅದರ ಆರೇಳು ಪಟ್ಟು. ನಮ್ಮ ದೇಶದ ಒಳಗೂ ಅಂಥದೇ ಕಂದಕವಿದೆ. ಜೊಯಿಡಾದ ಕುಣಬಿ ಸಮುದಾಯದ ಮನೆಯ ಬಳಕೆಯನ್ನೂ, ಬೇಸಿಗೆಯಿಡೀ ಎಲ್ಲ ಕೋಣೆಗಳಲ್ಲಿ ಎಸಿ ಓಡಿಸುವ ನಗರದ ಮನೆಯ ಬಳಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನಾನು ಕೇಳುತ್ತಿರುವ ಮಿತಿ ಮೇಲಿನಿಂದ ಶುರುವಾಗಬೇಕಾದದ್ದು. ಭೂಮಿಗೆ ತಡೆದುಕೊಳ್ಳುವ ಶಕ್ತಿ ಇಷ್ಟೇ ಎಂದಾದರೆ, ಇರುವುದರಲ್ಲಿ ಆಸ್ಪತ್ರೆಯ ಪಾಲು ಮೊದಲೋ ಮಾಲ್‌ನ ಪಾಲು ಮೊದಲೋ ಎಂದು ಆಗ ಎಲ್ಲರೂ ಕೇಳಲೇಬೇಕಾಗುತ್ತದೆ. ಎಲ್ಲರಿಗೂ ಎಲ್ಲವೂ ಮುಂದೆ ಸಿಗುತ್ತದೆ ಎನ್ನುತ್ತಿರುವವರೆಗೆ ನಿಮ್ಮ ಸರದಿ ಮುಂದಕ್ಕೇ ಹೋಗುತ್ತಿರುತ್ತದೆ.


ಆರಬೈಲು ಇಳಿಜಾರು, ಅಂಕೋಲಾ

ಬೆಳವಣಿಗೆ ಹೇಗಿರುತ್ತದೆ ಎಂದು ನೋಡಬೇಕಿದ್ದವರು 2008ರ ಆಸುಪಾಸಿನಲ್ಲಿ ಅಂಕೋಲಾಕ್ಕೆ ಬರಬೇಕಿತ್ತು. ಬಳ್ಳಾರಿಯ ಗುಡ್ಡ ಪುಡಿಯಾಗಿ ಲಾರಿ ಹತ್ತಿ, ಯಲ್ಲಾಪುರ ದಾಟಿ, ಆರಬೈಲು ಘಟ್ಟ ಇಳಿದು ಬೇಲೆಕೇರಿಗೆ ಬರುತ್ತಿತ್ತು. ಅಲ್ಲಿಂದ ಹಡಗು, ಹಡಗಿನಿಂದ ಚೀನಾ. ಚೀನಾದಲ್ಲಿ ನಗರಗಳು ಏಳುತ್ತಿದ್ದವು, ಉಕ್ಕಿಗೆ ಎಲ್ಲಿಲ್ಲದ ಬೇಡಿಕೆ. ಲಾರಿಗಳ ಸಾಲು ಹಗಲು–ರಾತ್ರಿ ಮುರಿಯುತ್ತಿರಲಿಲ್ಲ. ರಸ್ತೆ ಬದಿಯ ಮನೆಗಳ ಹಂಚು, ಬಾಳೆ ಎಲೆ, ಒಣಹಾಕಿದ ಬಟ್ಟೆ, ಅಂಗಳದ ತುಳಸಿ ಎಲ್ಲ ಒಂದೇ ಕೆಂಪು. ಮಕ್ಕಳು ಶಾಲೆಗೆ ಹೋಗುವಾಗ ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದರು.

ಆ ಹೊತ್ತಿನಲ್ಲಿ ಊರಿನಲ್ಲಿ ಹಣ ಓಡಾಡಲಿಲ್ಲ ಎಂದಲ್ಲ. ಲಾರಿ ಕೊಂಡವರು, ಗ್ಯಾರೇಜ್ ಹಾಕಿದವರು, ಡಾಬಾ ತೆರೆದವರು ಎಲ್ಲರೂ ಇದ್ದರು. 2010ರಲ್ಲಿ ಅಕ್ರಮ ಅದಿರನ್ನು ಬಂದರಿನಲ್ಲಿ ಜಪ್ತಿ ಮಾಡಿದರು, ಜಪ್ತಿ ಮಾಡಿದ ಅದಿರೇ ಮಾಯವಾಯಿತು. ಅದೇ ವರ್ಷ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಸಾಲ ಮಾಡಿ ಲಾರಿ ಕೊಂಡವರ ಮನೆಯ ಮುಂದೆ ಲಾರಿಗಳು ತುಕ್ಕು ಹಿಡಿದವು. ಗುಡ್ಡ ಮರಳಿ ಬರಲಿಲ್ಲ. ಆ ವರ್ಷಗಳ ಒಟ್ಟು ಉತ್ಪನ್ನದ ಲೆಕ್ಕದಲ್ಲಿ ಅದಿರಿನ ಬೆಲೆ ಆದಾಯವಾಗಿ ಸೇರಿತೇ ಹೊರತು, ಕರಗಿದ ಗುಡ್ಡವನ್ನು ನಷ್ಟವೆಂದು ಯಾರೂ ಕಳೆಯಲಿಲ್ಲ. ಮನೆಯ ಬಂಗಾರ ಮಾರಿ ತಂದ ದುಡ್ಡನ್ನು ಸಂಬಳ ಎಂದು ಬರೆದುಕೊಂಡ ಹಾಗೆ ಇದು.

ಶಿರೂರಿನದನ್ನೂ ಹೇಳಿಬಿಡುತ್ತೇನೆ. 2024ರ ಜುಲೈ 16ರ ಬೆಳಿಗ್ಗೆ, ಚತುಷ್ಪಥಕ್ಕಾಗಿ ನೇರವಾಗಿ ಕಡಿದಿದ್ದ ಗುಡ್ಡ ಜಾರಿ, ಹೆದ್ದಾರಿ ಬದಿಯ ಚಹಾ ಅಂಗಡಿಯನ್ನೂ ಅಲ್ಲಿದ್ದ ಜನರನ್ನೂ ಗಂಗಾವಳಿಗೆ ತಳ್ಳಿತು. ಎದ್ದ ಅಲೆಗೆ ಎದುರು ದಡದ ಉಳುವರೆಯಲ್ಲಿ ಮನೆಗಳು ಹೋದವು. ವಾರಗಟ್ಟಲೆ ಜೆಸಿಬಿ, ಡ್ರೆಜ್ಜರ್, ಮುಳುಗುಗಾರರು. ಅದಕ್ಕೆ ಸುರಿದ ಪ್ರತಿ ರೂಪಾಯಿಯೂ ನಾಡಿನ ಉತ್ಪನ್ನಕ್ಕೆ ಜಮೆಯಾಗಿದೆ. ಮೇಷ್ಟ್ರೇ, ಈ ಲೆಕ್ಕವನ್ನು ಕಟ್ಟಿದವರಿಗೆ ಇದು ತಪ್ಪೆಂದು ಹೊಳೆಯಲಿಲ್ಲವೇ?


ಅರ್ಥಶಾಸ್ತ್ರದ ಮೇಷ್ಟ್ರು, ಕುಮಟಾ

ಹೊಳೆದಿತ್ತು. ರಾಷ್ಟ್ರೀಯ ಆದಾಯವನ್ನು ಅಳೆಯುವ ಕ್ರಮವನ್ನು ರೂಪಿಸಿದ ಸೈಮನ್ ಕುಜ್ನೆಟ್ಸ್ 1934ರಲ್ಲಿ ಅಮೆರಿಕದ ಸಂಸತ್ತಿಗೆ ವರದಿ ಕೊಡುವಾಗಲೇ ಎಚ್ಚರಿಸಿದ್ದರು: ಈ ಅಂಕಿಯಿಂದ ಜನರ ಕ್ಷೇಮವನ್ನು ಊಹಿಸಲು ಹೋಗಬೇಡಿ ಎಂದು. ಎಚ್ಚರಿಕೆಯನ್ನು ಬಿಟ್ಟು ಅಂಕಿಯನ್ನು ಮಾತ್ರ ಜಗತ್ತು ಎತ್ತಿಕೊಂಡಿತು.

ನಮ್ಮವರಲ್ಲಿ ಜೆ. ಸಿ. ಕುಮಾರಪ್ಪ ಇದನ್ನು ಇನ್ನೂ ನೇರವಾಗಿ ಕಂಡರು. ಲೆಕ್ಕಪರಿಶೋಧಕರಾಗಿದ್ದವರು, ಗಾಂಧೀಜಿಯ ಜೊತೆ ಗ್ರಾಮೋದ್ಯೋಗಕ್ಕೆ ನಿಂತವರು. ಕಲ್ಲಿದ್ದಲು, ತೈಲ, ಅದಿರುಗಳಂತೆ ತೆಗೆದಷ್ಟೂ ಬರಿದಾಗುವ ಸಂಪತ್ತು ಒಂದು. ಬಿಸಿಲು, ಮಳೆ, ಕಾಡಿನ ಸೊಪ್ಪಿನಂತೆ ಅಳತೆಯರಿತು ಬಳಸಿದರೆ ಮತ್ತೆ ಮತ್ತೆ ಬರುವ ಸಂಪತ್ತು ಇನ್ನೊಂದು. ಮೊದಲನೆಯದರ ಮೇಲೆ ಕಟ್ಟಿದ ಅರ್ಥವ್ಯವಸ್ಥೆ ತಾತ್ಕಾಲಿಕ, ಅದು ಜಗಳಕ್ಕೂ ಯುದ್ಧಕ್ಕೂ ದಾರಿ ಎಂದು ಅವರು 1940ರ ದಶಕದಲ್ಲಿ ಜೈಲಿನಲ್ಲಿ ಕುಳಿತು ಬರೆದರು. ಸೊಪ್ಪಿನ ಬೆಟ್ಟಕ್ಕೂ ಬೇಲೆಕೇರಿಗೂ ಇರುವ ವ್ಯತ್ಯಾಸವೇ ಅದು.


ಬೈತಖೋಲ ಧಕ್ಕೆ, ಕಾರವಾರ

ಕಡಲಿನ ಮಾತು ಬರಲಿಲ್ಲವಲ್ಲ ಎಂದು ಕಾಯುತ್ತಿದ್ದೆ.

ಮರುಕಳಿಸುವ ಸಂಪತ್ತು ಎಂದರಲ್ಲ ಮೇಷ್ಟ್ರೇ, ಅದನ್ನೂ ಬರಿದು ಮಾಡಬಹುದು. ರಂಪಣಿ ಬಲೆಯನ್ನು ನೋಡಿದವರಿಗೆ ನೆನಪಿರಬಹುದು, ದಡದಿಂದ ಊರಿಗೆ ಊರೇ ಎಳೆಯುವ ಬಲೆ. ದಡದ ಹತ್ತಿರಕ್ಕೆ ಬಂದ ಬಂಗುಡೆ, ತಾರ್ಲೆ (ಭೂತಾಯಿ) ಮೀನುಗಳ ಗುಂಪನ್ನಷ್ಟೇ ಅದು ಹಿಡಿಯುತ್ತಿತ್ತು. ಬಂದ ಮೀನಿನಲ್ಲಿ ಹಗ್ಗ ಹಿಡಿದವರಿಗೆಲ್ಲ ಪಾಲು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು, ಮೀನು ದಡಕ್ಕೆ ಬರುವ ಮೊದಲೇ ಸುತ್ತುಹಾಕಿ ಎತ್ತಿದವು. ಮೊದಲ ಕೆಲವು ವರ್ಷ ಮೀನು ಎಷ್ಟು ಬಂತೆಂದರೆ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕಿದರು. ಆಮೇಲೆ ಬೋಟು ದೊಡ್ಡದಾಯಿತು, ಎಂಜಿನ್ನಿನ ಅಶ್ವಶಕ್ತಿ ಏರಿತು, ಮೀನು ಹುಡುಕುವ ಯಂತ್ರ ಬಂತು, ರಾತ್ರಿ ಬೆಳಕು ಹಾಕಿ ಮೀನನ್ನು ಕರೆಯುವ ಪದ್ಧತಿ ಬಂತು. 2017ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು, ಆದರೂ ಕತ್ತಲಾದ ಮೇಲೆ ದೂರದಲ್ಲಿ ಆ ಬೆಳಕು ಕಾಣುವುದು ನಿಂತಿಲ್ಲ.

ಕೇರಳದಲ್ಲಿ 2012ರಲ್ಲಿ ತಾರ್ಲೆ ಸಿಕ್ಕಿದ್ದು ಸುಮಾರು 4 ಲಕ್ಷ ಟನ್. 2021ರಲ್ಲಿ ಮೂರೂವರೆ ಸಾವಿರ ಟನ್ನಿಗೂ ಕಡಿಮೆ. ಇದು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕ, ಅವರ ಕೇಂದ್ರ ಕಾರವಾರದಲ್ಲೂ ಇದೆ. ಕಡಲು ಬಿಸಿಯಾದದ್ದು ಒಂದು ಕಾರಣ, ಮರಿಮೀನನ್ನು ಬಳಿದದ್ದು ಇನ್ನೊಂದು.

ಆ ಮರಿಮೀನು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಧಕ್ಕೆಯಲ್ಲಿ ಬೋಟು ಖಾಲಿ ಮಾಡುವಾಗ ನಿಂತು ನೋಡಿ. ಒಳ್ಳೆಯ ಮೀನು ಬುಟ್ಟಿಗೆ, ಮಂಜುಗಡ್ಡೆಗೆ. ಉಳಿದದ್ದನ್ನು ಸಲಿಕೆಯಲ್ಲಿ ಎತ್ತಿ ಲಾರಿಗೆ ಎಸೆಯುತ್ತಾರೆ. ಬೆರಳುದ್ದದ ತಾರ್ಲೆ, ಉಗುರಿನಷ್ಟು ಅಗಲದ ಮಾಂಜಿ ಮರಿ, ಹೆಸರೇ ಇಲ್ಲದ ನೂರು ಬಗೆ, ಎಲ್ಲ ಕಲಸಿದ ಬೂದು ಮುದ್ದೆ. ಅದು ಮೀನುಹಿಟ್ಟಿನ ಕಾರ್ಖಾನೆಗೆ ಹೋಗಿ ಸಿಗಡಿಗೂ ಕೋಳಿಗೂ ಆಹಾರವಾಗುತ್ತದೆ. ಶಿರಸಿಯವರು ಕೋಳಿ ಗೊಬ್ಬರದ ಲಾರಿ ಘಟ್ಟ ಹತ್ತುತ್ತದೆ ಎಂದು ಬರೆದದ್ದನ್ನು ಓದಿ ನನಗೆ ಇದೇ ನೆನಪಾಯಿತು. ನಿಮ್ಮ ಒಂಬತ್ತು ಎಕರೆಯ ಒಂದು ಭಾಗ ನಮ್ಮ ಕಡಲಿನಲ್ಲೂ ಇದೆ.

ಮಿತಿ ಹಾಕಿದರೆ ಜನ ಕೇಳುವುದಿಲ್ಲ ಎನ್ನುವವರಿಗೆ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಪಶ್ಚಿಮ ಕರಾವಳಿಯಲ್ಲಿ ಸಾವಿರಾರು ಬೋಟುಗಳು ಲಂಗರು ಹಾಕಿ ನಿಲ್ಲುತ್ತವೆ. ಕಷ್ಟವಿದೆ, ಗೊಣಗಾಟವಿದೆ, ಆದರೂ ನಿಲ್ಲುತ್ತೇವೆ. ವರ್ಷಕ್ಕೆ 61 ದಿನ ಒಂದು ಇಡೀ ಉದ್ಯಮ ಕೈ ಕಟ್ಟಿ ಕೂರುತ್ತದೆ. ಬೇರೆ ಯಾವ ಉದ್ಯಮಕ್ಕೆ ಇಂಥ ನಿಯಮವಿದೆ ಹೇಳಿ.


ಊರು ಸಿದ್ದಾಪುರ, ಕೆಲಸ ಬೆಂಗಳೂರು

ಬೇಡಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ನಾನು ಹೇಳಬಲ್ಲೆ, ಏಕೆಂದರೆ ಅದನ್ನು ಹುಟ್ಟಿಸುವುದೇ ನನ್ನ ಕಚೇರಿಯ ಕೆಲಸ. ಜನ ಒಂದು ವಸ್ತುವನ್ನು ನೋಡಿ ಕೊಳ್ಳದೆ ಬಿಟ್ಟರೆ, ಎಷ್ಟು ಹೊತ್ತಿನ ನಂತರ ಯಾವ ಸಂದೇಶ ಕಳಿಸಿದರೆ ಮರಳಿ ಬರುತ್ತಾರೆ ಎಂದು ಅಳೆಯುವ ತಂಡಗಳಿವೆ. ಬುದ್ಧಿವಂತ ಹುಡುಗ ಹುಡುಗಿಯರು ಹಗಲಿಡೀ ಇದನ್ನೇ ಯೋಚಿಸುತ್ತಾರೆ. ‘ಇನ್ನು ಎರಡೇ ಉಳಿದಿವೆ’ ಎಂಬ ಸಾಲನ್ನು ಎಲ್ಲಿ ಹಾಕಬೇಕು, ಕಂತಿನ ಮೊತ್ತವನ್ನು ಬೆಲೆಗಿಂತ ದೊಡ್ಡ ಅಕ್ಷರದಲ್ಲಿ ಹೇಗೆ ತೋರಿಸಬೇಕು ಎಂಬುದಕ್ಕೆಲ್ಲ ಪ್ರಯೋಗ ನಡೆಯುತ್ತದೆ. ಆಸೆ ಮನುಷ್ಯ ಸಹಜ ಎಂದು ಸುಮ್ಮನಾಗಬೇಡಿ. ಇಷ್ಟು ಖರ್ಚು ಮಾಡಿ ಎಬ್ಬಿಸಬೇಕಾದ ಆಸೆ ಸಹಜ ಹೇಗಾದೀತು?

ಇದು ಹೊಸದೂ ಅಲ್ಲ. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬ್ ಕಂಪನಿಗಳು ಜಿನೀವಾದಲ್ಲಿ ಸೇರಿ ‘ಫೀಬಸ್’ ಎಂಬ ಕೂಟ ಕಟ್ಟಿಕೊಂಡವು. ಬಲ್ಬ್ ಸಾವಿರ ಗಂಟೆಗಿಂತ ಹೆಚ್ಚು ಬಾಳಬಾರದು ಎಂದು ನಿಯಮ ಮಾಡಿ, ಹೆಚ್ಚು ಬಾಳಿಕೆಯ ಬಲ್ಬ್ ಮಾಡಿದ ಸದಸ್ಯರಿಗೆ ದಂಡ ಹಾಕಿದವು. ಬಾಳಿಕೆ ಬರುವ ವಸ್ತು ಬೆಳವಣಿಗೆಗೆ ಶತ್ರು ಎಂದು ಅವರಿಗೆ ಆಗಲೇ ಗೊತ್ತಿತ್ತು. ಈಗ ಮೊಬೈಲಿನ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸುತ್ತಾರೆ. ನನ್ನ ಅಪ್ಪನ ರೇಡಿಯೋವನ್ನು ಸಿದ್ದಾಪುರ ಪೇಟೆಯ ರಿಪೇರಿಯವರು ಬಿಚ್ಚಿ, ಬೆಸುಗೆ ಹಾಕಿ ಕೊಡುತ್ತಿದ್ದರು. ಅದೇ ಅಂಗಡಿ ಈಗ ಮೊಬೈಲಿನ ಹೊದಿಕೆ ಮಾರುತ್ತದೆ.

ಊರಿಗೆ ಬಂದಾಗ ನೋಡುತ್ತೇನೆ, ಬಸ್ಸು ದಿನಕ್ಕೆ ಎರಡೇ ಬಾರಿ ಬರುವ ಹಳ್ಳಿಗೂ ಪಾರ್ಸೆಲ್ ಹೊತ್ತ ಬೈಕ್ ಬರುತ್ತದೆ. ಬಿಟ್ಟು ಹೋದ ರಟ್ಟು, ಗುಳ್ಳೆ ಪ್ಲಾಸ್ಟಿಕ್ ಒಲೆಗೆ ಅಥವಾ ಹಳ್ಳಕ್ಕೆ. ಹಳ್ಳಿಯವರು ಕೊಳ್ಳಬಾರದು ಎಂದಲ್ಲ ನನ್ನ ಮಾತು. ಕೊಳ್ಳಲು ರಸ್ತೆ ಬಂತು, ಕಸ ಒಯ್ಯಲು ಯಾರೂ ಬರಲಿಲ್ಲ.


ತುರಾಯಿ, ಕೈಗಾ ಹತ್ತಿರ

ನಾನು ವಿದ್ಯುತ್ ಕ್ಷೇತ್ರದಲ್ಲಿ ಇರುವವನು. ಇಲ್ಲಿ ಎಲ್ಲರೂ ತಂತ್ರಜ್ಞಾನವನ್ನು ಮರೆತಿದ್ದೀರಿ. ಎಲ್‌ಇಡಿ ಬಲ್ಬ್ ಹಳೆಯ ಬಲ್ಬಿಗೆ ಬೇಕಾಗುತ್ತಿದ್ದ ವಿದ್ಯುತ್ತಿನ ಸಣ್ಣ ಪಾಲಿನಲ್ಲಿ ಉರಿಯುತ್ತದೆ. ಕೈಗಾದ ಒಂದನೇ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು, ಹೊಗೆಯಿಲ್ಲದೆ. ಬ್ರಿಟನ್ನಿನಂಥ ದೇಶಗಳಲ್ಲಿ ಉತ್ಪನ್ನ ಏರುತ್ತಲೇ ಇಂಗಾಲ ಇಳಿದಿದೆ. ದಕ್ಷತೆ ಹೆಚ್ಚಿಸುತ್ತಾ ಹೋದರೆ ಬೆಳವಣಿಗೆಯೂ ಉಳಿಯುತ್ತದೆ, ಭೂಮಿಯೂ ಉಳಿಯುತ್ತದೆ. ಜನರನ್ನು ಹೆದರಿಸುವುದಕ್ಕಿಂತ ಇದು ಒಳ್ಳೆಯ ದಾರಿ.


ಅರ್ಥಶಾಸ್ತ್ರದ ಮೇಷ್ಟ್ರು, ಕುಮಟಾ

ದಕ್ಷತೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಬ್ರಿಟನ್ನಿನ ಇಂಗಾಲ ಇಳಿದದ್ದೂ ನಿಜ. ಅದರಲ್ಲಿ ಒಂದು ಪಾಲು ಕಾರ್ಖಾನೆಗಳು ಬೇರೆ ದೇಶಕ್ಕೆ ಹೋದದ್ದರಿಂದ, ಆದರೂ ಉಳಿದ ಇಳಿಕೆ ನಿಜವಾದದ್ದೇ. ಸಾಲದಿರುವುದು ಅದರ ವೇಗ. 2024ನೇ ಇಸವಿ ಕೈಗಾರಿಕಾ ಯುಗಕ್ಕಿಂತ ಹಿಂದಿನ ಸರಾಸರಿಗಿಂತ 1.5 ಡಿಗ್ರಿ ಮೀರಿ ಬಿಸಿಯಾದ ಮೊದಲ ವರ್ಷ ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಇಂಗಾಲ ಒಂದೇ ಮಿತಿಯೂ ಅಲ್ಲ. ಭೂಮಿಗಿರುವ ಒಂಬತ್ತು ಸುರಕ್ಷಿತ ಎಲ್ಲೆಗಳಲ್ಲಿ ಆರನ್ನು ದಾಟಿದ್ದೇವೆ ಎಂದು 2023ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಜೀವವೈವಿಧ್ಯ, ಸಿಹಿನೀರು, ರಂಜಕ–ಸಾರಜನಕ ಎಲ್ಲವೂ ಅದರಲ್ಲಿವೆ.

ಇನ್ನು ದಕ್ಷತೆಯ ಒಳಸುಳಿ. 1865ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಗಮನಿಸಿದ್ದು: ಉಗಿ ಯಂತ್ರ ದಕ್ಷವಾದಂತೆ ಕಲ್ಲಿದ್ದಲಿನ ಬಳಕೆ ಕಡಿಮೆಯಾಗಲಿಲ್ಲ. ಯಂತ್ರ ಓಡಿಸುವುದು ಅಗ್ಗವಾಯಿತು, ಯಂತ್ರಗಳು ಹೆಚ್ಚಿದವು, ಕಲ್ಲಿದ್ದಲೂ ಹೆಚ್ಚು ಉರಿಯಿತು. ಉಳಿತಾಯವಾದದ್ದು ಉಳಿಯಬೇಕಾದರೆ ಮೇಲೆ ಒಂದು ಮಿತಿ ಇರಲೇಬೇಕು.


ಬೆಟ್ಟದ ಬುಡ, ಶಿರಸಿ

ಇದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಕೊಡುವ ಕಾರಣ ಹಸಿರು ವಿದ್ಯುತ್ತೇ. ಹಗಲಿನ ಸೌರ ವಿದ್ಯುತ್ತಿನಿಂದ ಗೇರುಸೊಪ್ಪದ ನೀರನ್ನು ತಲಕಳಲೆಗೆ ಎತ್ತಿ, ಸಂಜೆ ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ತೆಗೆಯುವುದು. ಎತ್ತಲು ಬೇಕಾಗುವ ವಿದ್ಯುತ್ ಬರುವ ವಿದ್ಯುತ್ತಿಗಿಂತ ಹೆಚ್ಚು, ಆದರೆ ಸಂಜೆಯ ಬೇಡಿಕೆಗೆ ಸಂಗ್ರಹ ಬೇಕೆಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ಆದರೆ ಇದು ನಡೆಯುವುದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ. ಸಂಜೆಯ ಬೇಡಿಕೆಯಲ್ಲಿ ಎಷ್ಟು ಪಾಲು ಆಸ್ಪತ್ರೆಯದು, ಎಷ್ಟು ಪಾಲು ರಾತ್ರಿಯಿಡೀ ಉರಿಯುವ ಜಾಹೀರಾತು ಫಲಕದ್ದು ಎಂದು ಯಾರೂ ವಿಂಗಡಿಸುವುದಿಲ್ಲ. ಬೇಡಿಕೆ ಎಂದರೆ ಮಳೆಯ ಹಾಗೆ ತಾನಾಗಿ ಬರುವುದು, ನಾವು ಪಾತ್ರೆ ಹಿಡಿಯುವುದಷ್ಟೇ ಎಂಬಂತೆ ಮಾತಾಡುತ್ತಾರೆ. ಸಿಂಗಳೀಕಕ್ಕೆ ಮಾತ್ರ ಹೊಂದಿಕೊಳ್ಳಲು ಹೇಳುತ್ತಾರೆ.


ಗಜನಿ ಕಟ್ಟೆ, ಅಘನಾಶಿನಿ ದಂಡೆ

ಎಲ್ಲರೂ ದೊಡ್ಡ ಲೆಕ್ಕ ಹೇಳಿದ್ದೀರಿ. ನಮ್ಮ ಮನೆಯ ಹೆಂಗಸರು ಮಾಡುವ ಕೆಲಸ ಯಾವ ಲೆಕ್ಕದಲ್ಲೂ ಇಲ್ಲ, ಅದನ್ನು ಬರೆಯುತ್ತೇನೆ.

ಇಳಿತದ ಹೊತ್ತಿಗೆ ನದಿಯಲ್ಲಿ ಮೊಣಕಾಲುದ್ದ ನೀರು ಇರುವಾಗ ಬೆಳಚು (ಚಿಪ್ಪುಮೀನು) ಹೆಕ್ಕಲು ಹೋಗುತ್ತೇವೆ. ಕೆಸರಿನಲ್ಲಿ ಅಂಗಾಲಿಗೆ ಚಿಪ್ಪು ತಾಗಿದ್ದು ಗೊತ್ತಾಗುತ್ತದೆ, ಬಗ್ಗಿ ಎತ್ತಿ ಬುಟ್ಟಿಗೆ ಹಾಕುವುದು. ಸಣ್ಣದನ್ನು ಅಲ್ಲೇ ಬಿಡಬೇಕೆಂದು ಹಿರಿಯರು ಕಲಿಸಿದ್ದರು. ಭರತ ಏರುವ ಹೊತ್ತಿಗೆ ಹೊರಬರಬೇಕು, ಆಸೆ ಇದ್ದರೂ ನದಿ ಬಿಡುವುದಿಲ್ಲ. ಗಜನಿಯಲ್ಲಿ, ಅಂದರೆ ನದಿಯಂಚಿನ ಉಪ್ಪುನೀರಿನ ಗದ್ದೆಯಲ್ಲಿ, ಮಳೆಗಾಲದಲ್ಲಿ ಕಗ್ಗ ಭತ್ತ, ಉಪ್ಪುನೀರು ನುಗ್ಗಿದರೂ ಸಾಯದ ತಳಿ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟರೆ ಸಿಗಡಿ, ಮೀನು. ಗೊಬ್ಬರ ಬೇಡ, ಔಷಧ ಬೇಡ.

1990ರ ದಶಕದಲ್ಲಿ ಸಿಗಡಿಗೆ ಹೊರದೇಶದಲ್ಲಿ ಬೆಲೆ ಬಂತು. ಗಜನಿಗಳನ್ನು ಗುತ್ತಿಗೆಗೆ ತೆಗೆದುಕೊಂಡು ವರ್ಷಪೂರ್ತಿ ಸಿಗಡಿ ಹಾಕಿದರು, ಕಗ್ಗ ಹೋಯಿತು. ಬಿಳಿಚುಕ್ಕಿ ರೋಗ ಬಂದು ಸಿಗಡಿಯೂ ಹೋಯಿತು. ಕಟ್ಟೆ ಒಡೆದು ಬಿದ್ದ ಗಜನಿಗಳು ಇವತ್ತಿಗೂ ಇವೆ. ಆಮೇಲೆ ತದಡಿಗೆ 4,000 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಬರುತ್ತದೆ ಎಂದರು. ನಾವು ಬೀದಿಗಿಳಿದೆವು, ವಿಜ್ಞಾನಿಗಳು ಜೊತೆಗೆ ನಿಂತರು, ಅದು ಬರಲಿಲ್ಲ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ ಎಂದು ಈಗ ಹೊರಗಿನವರು ಹೊಗಳುತ್ತಾರೆ.

ಸ್ಥಾವರ ಬಂದಿದ್ದರೆ ಜಿಲ್ಲೆಯ ಉತ್ಪನ್ನ ಎಷ್ಟೋ ಪಟ್ಟು ಏರುತ್ತಿತ್ತು. ನಾವು ಬೆಳಚು ತಿಂದು, ನೆರೆಮನೆಗೆ ಕೊಟ್ಟು, ಮಿಕ್ಕದ್ದನ್ನು ಸಂತೆಯಲ್ಲಿ ಮಾರಿದರೆ ಅದು ಅವರ ಲೆಕ್ಕದಲ್ಲಿ ಬಡತನ. ಜೊಯಿಡಾದ ಅಣ್ಣ ಕೇಳಿದ ಆಸ್ಪತ್ರೆ ನಮಗೂ ಬೇಕು. ಅದಕ್ಕಾಗಿ ಅಳಿವೆಯನ್ನು ಕೊಡಬೇಕು ಎಂದು ಯಾರು ಹೇಳಿದರು? ಎರಡನ್ನೂ ಒಂದೇ ಗಂಟಿಗೆ ಕಟ್ಟಿದವರು ಯಾರು?


ಕಳಾಸೆ ದಾರಿ, ಶಿರಸಿ

ಕಾಡು ಉಳಿಸುವ ಅಪ್ಪಿಕೋ ಚಳವಳಿ ಶುರುವಾದದ್ದು 1983ರ ಸೆಪ್ಟೆಂಬರ್ 8ರಂದು, ಸಾಲ್ಕಣಿಯವರು ಕಾಡಿಗೆ ನಡೆದು ಮರ ತಬ್ಬಿದಾಗ. ಅಂದು ಮರ ಕೇಳುತ್ತಿದ್ದವರು ಪ್ಲೈವುಡ್ ಮತ್ತು ಕಾಗದದವರು. ಕಾಡು ಕಡಿದು ತೇಗ, ನೀಲಗಿರಿ ನೆಡುವುದನ್ನು ಅಭಿವೃದ್ಧಿ ಎಂದು ಕರೆಯುತ್ತಿದ್ದರು. ಚಳವಳಿ ಹೇಳಿದ್ದು ‘ಉಳಿಸು, ಬೆಳೆಸು, ಬಳಸು’ ಎಂದು. ಬಳಸಬೇಡ ಎಂದು ಹೇಳಲಿಲ್ಲ, ಬಳಕೆಯನ್ನು ಮೂರನೆಯದಾಗಿ ಇಟ್ಟಿತು. ಈ ಚರ್ಚೆಯಲ್ಲಿ ಅದು ನೆನಪಿರಲಿ.


ಕಾಳಿ ಕಣಿವೆ, ಜೊಯಿಡಾ

ಗಜನಿ ಕಟ್ಟೆಯ ಅಕ್ಕ ಕೇಳಿದ ಪ್ರಶ್ನೆ ನನ್ನ ಪ್ರಶ್ನೆಯೂ ಹೌದು. ಆದರೆ ಮಾತು ಇಲ್ಲಿಗೇ ನಿಲ್ಲಬಾರದು. ಮುಂದಿನ ಸಲ ಯಾವುದೇ ಯೋಜನೆಯ ಅಹವಾಲು ಸಭೆ ನಡೆದಾಗ ನಾವು ಏನು ಕೇಳುತ್ತೇವೆ? ‘ಬೇಡ’ ಎಂದಷ್ಟೇ ಹೇಳಿದರೆ ಅಭಿವೃದ್ಧಿ ವಿರೋಧಿಗಳು ಎಂದು ಬರೆದು ಮುಗಿಸುತ್ತಾರೆ.


ಬೆಟ್ಟದ ಬುಡ, ಶಿರಸಿ

ನಾನು ಕೇಳಬೇಕೆಂದಿರುವುದು ಇದು. ಈ ವಿದ್ಯುತ್ತನ್ನು, ಈ ಸರಕನ್ನು ಬಳಸುವವರು ಯಾರು, ಯಾವ ಊರಿನಲ್ಲಿ, ಯಾವುದಕ್ಕೆ? ಅವರ ಬಳಕೆಗೆ ಮೇಲ್ಮಿತಿ ಏನು? ಇದು ಕೊನೆಯದೇ, ಅಥವಾ ಬೇಡಿಕೆ ದುಪ್ಪಟ್ಟಾದಾಗ ಇನ್ನೊಂದು ಕಣಿವೆ ಕೇಳಿಕೊಂಡು ಬರುತ್ತೀರಾ? ಬರುವುದಿಲ್ಲ ಎಂದಾದರೆ ಅದನ್ನು ಮಂಜೂರಾತಿಯ ಷರತ್ತಿನಲ್ಲೇ ಬರೆಯಿರಿ. ನಮ್ಮ ಹತ್ತಿರ ನೆಲ ಕೇಳುವವರು ತಮ್ಮ ಒಂಬತ್ತು ಎಕರೆ ಎಲ್ಲಿದೆ ಎಂದು ತೋರಿಸಲಿ.


ಕಾಳಿ ಕಣಿವೆ, ಜೊಯಿಡಾ

ನನ್ನದೊಂದು ಸೇರಿಸಿ. ಹಿಂದಿನ ಯೋಜನೆಗಳಿಂದ ಮುಳುಗಿದ, ಎತ್ತಂಗಡಿಯಾದ ಊರುಗಳಿಗೆ ಕೊಟ್ಟ ಮಾತಿನಲ್ಲಿ ಎಷ್ಟು ನಡೆದಿದೆ, ಎಷ್ಟು ಬಾಕಿ ಇದೆ ಎಂಬ ಪಟ್ಟಿ ಸಭೆಯಲ್ಲಿ ಮೊದಲು ಓದಬೇಕು. ಕಾಳಿಯಿಂದ ಸೀಬರ್ಡ್ ನೌಕಾನೆಲೆಯವರೆಗೆ ಎಲ್ಲವೂ. ಅದಾದ ಮೇಲೆ ಹೊಸದರ ಮಾತು.


ಅರ್ಥಶಾಸ್ತ್ರದ ಮೇಷ್ಟ್ರು, ಕುಮಟಾ

2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸಭೆಗೆ ಬರಲಾಗದವರು ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಬಹುದು. ಈಚೆಗೆ 2025ರ ಸೆಪ್ಟೆಂಬರಿನಲ್ಲಿ ಗೇರುಸೊಪ್ಪದಲ್ಲಿ ಶರಾವತಿ ಯೋಜನೆಯ ಸಭೆ ನಡೆದಾಗ ಜನ ದಂಡಿಯಾಗಿ ಬಂದಿದ್ದರು, ಆದರೆ ಬೇಡಿಕೆಯ ಲೆಕ್ಕ ಕೇಳುವ ಮಾತು ಗದ್ದಲದಲ್ಲಿ ಹಿಂದೆ ಉಳಿಯುತ್ತದೆ. ಕಾಗದದ ಮೇಲೆ ಇದ್ದರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಮೇಲಿನ ಪ್ರಶ್ನೆಗಳನ್ನು ನಾನು ಒಂದು ಅರ್ಜಿಯ ರೂಪಕ್ಕೆ ತರುತ್ತೇನೆ. ಮೀನಿನ ಭಾಗವನ್ನು ಬೈತಖೋಲದವರು, ಅಳಿವೆಯ ಭಾಗವನ್ನು ಗಜನಿ ಕಟ್ಟೆಯವರು ಬರೆದುಕೊಡಿ.


ಬೈತಖೋಲ ಧಕ್ಕೆ, ಕಾರವಾರ

ಬರೆದುಕೊಡುತ್ತೇನೆ. ಗ್ರಾಮಸಭೆಯಲ್ಲಿ ಓದಿ ಠರಾವು ಮಾಡಿಸುವ ಹಾಗೆ ಸರಳವಾಗಿ ಇರಲಿ, ಎರಡು ಪುಟ ಮೀರದಿರಲಿ.